ಅಕ್ಕಮಹಾದೇವಿಯೂ ಕಲ್ಯಾಣದ ಶರಣೆಯರೂ

ನಮ್ಮ ಹರಿಹರ ಸೀಮೆಗೆ ನೈಋತ್ಯದಲ್ಲಿ, ಶಿಕಾರಿಪುರ ತಾಲೂಕಿನೊಳಗೆ, ಉಡುತಡಿಯೆಂಬ ಗ್ರಾಮವುಂಟು. 12ನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿದ ಮಹಾದೇವಿಯು ಚಿಕ್ಕಂದಿನಲ್ಲಿಯೇ ತನ್ನ ಮನಸ್ಸನ್ನು ಶಿವನಿಗೆ ಒಪ್ಪಿಸಿದ್ದಳು. ಕೌಶಿಕನೆಂಬ ಅರಸನು ಆಕೆಯನ್ನು ಕಂಡು ಮೋಹಗೊಂಡನು. ಮದುವೆ ನಡೆಯಿತೆಂದು ಹರಿಹರ ಕವಿಯೂ ನಡೆಯಲಿಲ್ಲವೆಂದು ಚಾಮರಸನೂ ಹೇಳುತ್ತಾರೆ. ಆಕೆ ಅರಮನೆಯ ಭೋಗವನ್ನು ತೊರೆದು ಹೊರಟಳೆಂಬುದರಲ್ಲಿ ಮಾತ್ರ ಇಬ್ಬರಿಗೂ ಭೇದವಿಲ್ಲ.

ಒಂಟಿಯಾಗಿ ನಡೆದು ಆಕೆ ಕಲ್ಯಾಣವನ್ನು ಸೇರಿದಳು. ಅದು ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕನ್ನಡ, ಮರಾಠಿ, ತೆಲುಗು ನಾಡುಗಳು ಕೂಡುವ ಗಡಿಸೀಮೆ. ಬಿಜ್ಜಳನ ಮಂತ್ರಿಯಾದ ಬಸವಣ್ಣನವರು ಅಲ್ಲಿ ಜಾತಿಭೇದವನ್ನೆಣಿಸದೆ ಭಕ್ತರನ್ನು ಕೂಡಿಸಿದ್ದರು. ಅಲ್ಲಮಪ್ರಭುವು ಕಠಿಣವಾದ ಪ್ರಶ್ನೆಗಳಿಂದ ಆಕೆಯನ್ನು ಪರೀಕ್ಷಿಸಿದನು. ಆಕೆ ಅಂಜದೆ ಉತ್ತರ ಕೊಟ್ಟಳು. ಆಗ ಹಿರಿಯರೇ ಆ ಕಿರಿಯಳನ್ನು ಅಕ್ಕನೆಂದು ಕರೆದರು.

ಅಲ್ಲಿ ಆಕೆ ಒಬ್ಬಳೇ ಆಗಿರಲಿಲ್ಲ. ಕದಿರ ರೆಮ್ಮವ್ವೆ ನೂಲುವವಳು. ಸತ್ಯಕ್ಕ ಅಂಗಳ ಗುಡಿಸುವವಳು. ಸೂಳೆ ಸಂಕವ್ವೆ ಹಳೆಯ ಬಾಳನ್ನು ಬಿಟ್ಟು ಬಂದವಳು. ಆಯ್ದಕ್ಕಿ ಲಕ್ಕಮ್ಮನ ಗಂಡನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆಕೆ ಅದನ್ನು ತಿರುಗಿ ಸುರಿದು ಬರುವಂತೆ ಹೇಳಿದಳಂತೆ. ವಚನ ರಚಿಸಿದ ಸ್ತ್ರೀಯರೇ 30ಕ್ಕೂ ಮಿಕ್ಕು. ಅದೇ ಕಾಲದಲ್ಲಿ ಯೂರೋಪಿನ ಭಕ್ತೆಯರು ಬಹುಮಟ್ಟಿಗೆ ಮಠದ ಗೋಡೆಗಳೊಳಗೆ ಕೂಡಿದರು. ಇವರಾದರೋ ಮನೆಯನ್ನೂ ಕಾಯಕವನ್ನೂ ಬಿಡದೆ ಕೂಡಿದರು.

ಮಹಾದೇವಿಯು ಅಲ್ಲಿಂದ ಶ್ರೀಶೈಲಕ್ಕೆ ಹೋಗಿ ಅಲ್ಲಿಯೇ ಬಾಳನ್ನು ಮುಗಿಸಿದಳು. 1167ರ ಸುಮಾರಿಗೆ ಕಲ್ಯಾಣದಲ್ಲಿ ಗಲಭೆಯೆದ್ದು ಶರಣರು ಚದರಿದರು. ಬಸವಣ್ಣನವರ ಅಕ್ಕ ನಾಗಮ್ಮನು ಒಂದು ಗುಂಪಿನೊಡನೆ ಉಳವಿಯನ್ನು ಸೇರಿದಳೆಂದು ಪ್ರತೀತಿ.

ಈಕೆಯ ಮಾರ್ಗ ಬೇರೆ, ನಮ್ಮ ಮಾರ್ಗ ಬೇರೆ. ಆದರೂ ಈ ಚರಿತ್ರೆ ನಮ್ಮನ್ನು ಒಂದು ಮಾತು ಕೇಳುತ್ತದೆ. ನಮ್ಮ ಕರ್ತನು ಮಗ್ದಲದ ಮರಿಯಳನ್ನೂ ಯೋಹಾನಳನ್ನೂ ಸುಸನ್ನಳನ್ನೂ ತನ್ನ ಸಂಗಡ ನಡೆಯಗೊಟ್ಟನಲ್ಲವೇ? ಕರೂರಿನ ಕಾರ್ಖಾನೆಗಳಲ್ಲಿ ದುಡಿದು ದಣಿದು ಬರುವ ಸಹೋದರಿಯರೂ ಹೊಲದ ತಾಯಂದಿರೂ ನಮ್ಮ ಸಭೆಯಲ್ಲಿ ಚಾಪೆ ಹಾಸುವದಕ್ಕೆ ಮಾತ್ರ ಕರೆಯಲ್ಪಡುತ್ತಾರೋ? ಸತ್ಯವೇದ ಪಾಠದಲ್ಲಿ ಬಾಯಿ ತೆರೆದು ಪ್ರಾರ್ಥಿಸುವದಕ್ಕೂ ಬೋಧಿಸುವದಕ್ಕೂ ಅವರಿಗೆ ಸ್ಥಳವುಂಟೋ? ಸ್ತ್ರೀಯರ ನಾಲಿಗೆಯನ್ನು ಕಟ್ಟಿದ ಸಭೆಯು ಅರ್ಧ ಸಭೆಯೇ ಸರಿ. ಬರುವ ಆದಿತ್ಯವಾರ ಹಿರಿಯರು ಇದನ್ನು ಕೂಡಿ ಆಲೋಚಿಸಲಿ.