ಬಹುಮಾನಕ್ಕಾಗಿ ಬರೆದ ಪ್ರಬಂಧ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನ ಪ್ರಬಂಧ ಸ್ಪರ್ಧೆಗೆ ನಾನೂ ಹೆಸರು ಕೊಟ್ಟಿದ್ದೆ. ವಿಷಯ ಮಾನವ ಕಳ್ಳಸಾಗಣೆ. ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಪ್ರಮಾಣಪತ್ರ. ರೆಸ್ಯುಮೆಗೆ ಒಂದು ಸಾಲು ಸೇರುತ್ತದಲ್ಲ ಎಂಬ ಆಸೆ. ಲೈಬ್ರರಿಯಲ್ಲಿ ಓದುತ್ತಿದ್ದಾಗ ಥಾಮಸ್ ಕ್ಲಾರ್ಕ್‌ಸನ್ ಸಿಕ್ಕಿದ. ಆತನೂ ನನ್ನಂತೆ ಬಹುಮಾನದ ಆಸೆಗೇ ಬರೆಯಲು ಕುಳಿತವನು!

ಕ್ಲಾರ್ಕ್‌ಸನ್ ಹುಟ್ಟಿದ್ದು 1760ರಲ್ಲಿ, ಇಂಗ್ಲೆಂಡಿನ ವಿಸ್‌ಬೀಚ್‌ನಲ್ಲಿ. ತಂದೆ ಪಾದ್ರಿ, ಶಾಲಾ ಮೇಷ್ಟ್ರೂ ಹೌದು. 1785ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಲ್ಯಾಟಿನ್ ಪ್ರಬಂಧ ಸ್ಪರ್ಧೆ ಇಟ್ಟಿತು. ಮನುಷ್ಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಗುಲಾಮರನ್ನಾಗಿಸುವುದು ಸರಿಯೇ ಎಂಬುದು ವಿಷಯ. ಆತನಿಗೆ ಅದರ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ. ಓದುತ್ತಾ ಹೋದಂತೆ ನಿದ್ದೆ ಕೆಟ್ಟಿತು. ಮೊದಲ ಬಹುಮಾನ ಬಂತು. ಆದರೆ ಕುದುರೆಯೇರಿ ಲಂಡನ್‌ಗೆ ಹೋಗುವಾಗ ವೇಡ್ಸ್‌ಮಿಲ್ ಎಂಬ ಊರಿನ ಬಳಿ ಇಳಿದು ರಸ್ತೆ ಬದಿಯಲ್ಲಿ ಕುಳಿತುಬಿಟ್ಟ. ತಾನು ಬರೆದದ್ದು ನಿಜವೇ ಆಗಿದ್ದರೆ ಇದನ್ನು ಯಾರಾದರೂ ನಿಲ್ಲಿಸಲೇಬೇಕಲ್ಲ ಎಂಬ ಯೋಚನೆ ಆತನನ್ನು ಬಿಡಲಿಲ್ಲ. ಪಾದ್ರಿಯಾಗುವ ದಾರಿ ಅಲ್ಲಿಗೆ ಹಿಂದೆ ಉಳಿಯಿತು.

1787ರ ಮೇ ತಿಂಗಳಲ್ಲಿ ಲಂಡನ್ನಿನ ಒಂದು ಮುದ್ರಣಾಲಯದಲ್ಲಿ 12 ಜನ ಸೇರಿ ಸಮಿತಿ ಕಟ್ಟಿದರು. ಸಂಸತ್ತಿನಲ್ಲಿ ಮಾತನಾಡುವ ಹೊಣೆ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ, ಸಾಕ್ಷ್ಯ ತರುವ ಹೊಣೆ ಕ್ಲಾರ್ಕ್‌ಸನ್‌ಗೆ. ಏಳು ವರ್ಷಗಳಲ್ಲಿ ಆತ ಸುಮಾರು 35,000 ಮೈಲಿ ಸುತ್ತಿದ. ಲಿವರ್‌ಪೂಲ್‌ನ ಅಂಗಡಿಯಲ್ಲಿ ಕೈಕೋಳ, ಕಾಲುಕೋಳ, ಹೆಬ್ಬೆರಳು ಹಿಂಡುವ ಸ್ಕ್ರೂ ಕೊಂಡು ತಂದು ಜನರ ಮುಂದಿಟ್ಟ. ಅದೇ ಊರಿನ ಬಂದರುಕಟ್ಟೆಯಲ್ಲಿ ಒಂದು ಗುಂಪು ಆತನನ್ನು ಸಮುದ್ರಕ್ಕೆ ತಳ್ಳಲು ನೋಡಿತು, ನುಗ್ಗಿ ಪಾರಾದ.

ಇಂಜಿನಿಯರಿಂಗ್ ಓದುವ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಡ್ರಾಯಿಂಗ್. ಬ್ರೂಕ್ಸ್ ಎಂಬ ಗುಲಾಮ ಹಡಗಿನ ನಕ್ಷೆಯನ್ನು ಕ್ಲಾರ್ಕ್‌ಸನ್ ಮತ್ತು ಸಂಗಡಿಗರು ಪರಿಷ್ಕರಿಸಿ 1789ರಲ್ಲಿ ಅಚ್ಚು ಹಾಕಿಸಿದರು. ಅಳತೆ ಪ್ರಕಾರ ಬರೆದ ಟಾಪ್ ವ್ಯೂ. ಗಂಡಸಿಗೆ 6 ಅಡಿ ಉದ್ದ, 1 ಅಡಿ 4 ಇಂಚು ಅಗಲ. ಹಾಗೆ ಒತ್ತೊತ್ತಾಗಿ ಮಲಗಿಸಿದ 482 ಜನ. ಆ ನಕ್ಷೆಯಲ್ಲಿ ಬೈಗುಳವಿಲ್ಲ, ಕಣ್ಣೀರಿಲ್ಲ. ಸ್ಕೇಲ್ ಮಾತ್ರ ಇದೆ. ನೋಡಿದವರಿಗೆ ಅಷ್ಟು ಸಾಕಾಗಿತ್ತು.

ಆದರೂ 1791ರಲ್ಲಿ ಮಸೂದೆ ಸೋತಿತು. 1794ರ ಹೊತ್ತಿಗೆ ಕ್ಲಾರ್ಕ್‌ಸನ್‌ನ ಆರೋಗ್ಯವೂ ಹಣವೂ ಕರಗಿದ್ದವು. ಕೆಲವು ವರ್ಷ ಹಳ್ಳಿಯಲ್ಲಿದ್ದು ಮತ್ತೆ ಬಂದ. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸಿತು. ಸಿಕ್ಕಿಬಿದ್ದರೆ ತಲೆಗೆ 100 ಪೌಂಡ್ ದಂಡ. ಕಾವಲಿಗೆ ನೌಕಾಪಡೆಯೂ ಹೊರಟಿತು.

1833ರಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡುವ ಕಾಯ್ದೆ ಬಂತು. ಅದಕ್ಕೆ ಸರ್ಕಾರ ತೆಗೆದಿಟ್ಟದ್ದು 2 ಕೋಟಿ ಪೌಂಡ್, ಆ ಕಾಲದ ವಾರ್ಷಿಕ ಖರ್ಚಿನ ಸುಮಾರು ಶೇ 40. ಹಣ ಹೋದದ್ದು ಯಾರಿಗೆ ಗೊತ್ತೇ? ಮಾಲೀಕರಿಗೆ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ತರಬೇತಿಯ ಹೆಸರಿನಲ್ಲಿ ಅವರು 1838ರವರೆಗೆ ಅದೇ ತೋಟಗಳಲ್ಲಿ ದುಡಿಯಬೇಕಾಯಿತು. ಆ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಭಾರತಕ್ಕೆ ಈ ಕಾಯ್ದೆ ಅನ್ವಯಿಸಲೇ ಇಲ್ಲ; ಇಲ್ಲಿಗೆ ಬೇರೆ ಕಾನೂನು ಬಂದದ್ದು 1843ರಲ್ಲಿ. ಕ್ಲಾರ್ಕ್‌ಸನ್ 1846ರಲ್ಲಿ ತೀರಿಕೊಂಡ, ಕೊನೆಯವರೆಗೂ ಅಮೆರಿಕದ ಗುಲಾಮರ ಪರವಾಗಿ ಬರೆಯುತ್ತಲೇ ಇದ್ದ.

ನಮ್ಮ ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. 1976ರ ಕಾಯ್ದೆ ಜೀತಗಾರರ ಸಾಲವನ್ನೇ ರದ್ದು ಮಾಡಿತು. 2016ರ ಕೇಂದ್ರ ಯೋಜನೆಯಲ್ಲಿ ಬಿಡುಗಡೆಯಾದವರಿಗೇ 1ರಿಂದ 3 ಲಕ್ಷ ರೂಪಾಯಿವರೆಗೆ ಪುನರ್ವಸತಿ ನೆರವಿದೆ. ಹಣದ ದಿಕ್ಕು ಈಗ ಸರಿಯಾಗಿದೆ. ಆದರೆ ಪೂರ್ತಿ ಮೊತ್ತವನ್ನು ಅಪರಾಧ ಸಾಬೀತಾಗುವುದಕ್ಕೆ ಗಂಟು ಹಾಕಿದ್ದಾರೆ. ಅಲ್ಲಿಯವರೆಗೆ ಆ ಮನುಷ್ಯ ಹೊಟ್ಟೆಗೇನು ಮಾಡಬೇಕು? ಮತ್ತೆ ಅಡ್ವಾನ್ಸ್ ಕೊಡುವವನ ಬಾಗಿಲಿಗೇ ಹೋಗುವುದಿಲ್ಲವೇ?

ಅಡ್ವಾನ್ಸ್ ಎಂದಾಗ ನನಗೆ ಬ್ರಿಸ್ಟಲ್ ನೆನಪಾಗುತ್ತದೆ. ಅಲ್ಲಿನ ಹೆಂಡದಂಗಡಿಗಳಲ್ಲಿ ರಾತ್ರಿ ಕುಳಿತು ಕ್ಲಾರ್ಕ್‌ಸನ್ ಕಂಡದ್ದು ಇದನ್ನೇ. ಹುಡುಗರಿಗೆ ಕುಡಿಸಿ, ಸಾಲ ಹೊರಿಸಿ, ಜೈಲೋ ಗುಲಾಮ ಹಡಗೋ ಆರಿಸಿಕೋ ಎನ್ನುತ್ತಿದ್ದರು. ನಾವಿಕರೂ ಹೀಗೆ ಬಲೆಗೆ ಬಿದ್ದವರೇ.

ಇದನ್ನು ಓದಿದ ವಾರವೇ ಚಿಕ್ಕಪ್ಪನ ಮಗ, ನನ್ನ ಅಣ್ಣ, ಫೋನ್ ಮಾಡಿದ್ದ. ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದವನು. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸವಂತೆ, ಟಿಕೆಟ್ ಏಜೆಂಟನೇ ಕೊಡಿಸುತ್ತಾನಂತೆ, ಆಮೇಲೆ ಸಂಬಳದಲ್ಲಿ ಹಿಡಿಯುತ್ತಾರಂತೆ. ಹಾಗೆ ಹೋದವರನ್ನು ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ ಸುದ್ದಿ ನಾನು ಓದಿದ್ದೆ. ಇಬ್ಬರೂ ಕುಳಿತು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್ ತೆರೆದೆವು. ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಅಣ್ಣ ಬೇಸರದಿಂದಲೇ ಪಾಸ್‌ಪೋರ್ಟ್ ಕೊಡದೆ ಉಳಿದ. ಇನ್ನೂ ಕೆಲಸ ಹುಡುಕುತ್ತಿದ್ದಾನೆ, ಆದರೆ ಮನೆಯಲ್ಲಿದ್ದಾನೆ.

ನನ್ನ ಪ್ರಬಂಧಕ್ಕೆ ಬಹುಮಾನ ಬರಲಿಲ್ಲ. ಬರೆದದ್ದು ದಂಡವಾಯಿತು ಎಂದು ಮಾತ್ರ ನನಗೆ ಅನಿಸಿಲ್ಲ.