ಅಂಧರ ಕೈಗೆ ವಿದ್ಯೆಯ ಊರುಗೋಲನ್ನಿತ್ತ ಪಂಚಾಕ್ಷರ ಗವಾಯಿಗಳು

ಗುತ್ತಲದಿಂದ ಪಶ್ಚಿಮಾಭಿಮುಖವಾಗಿ ಹೊರಟು ಹಾವೇರಿಯನ್ನು ದಾಟಿದರೆ ಹಾನಗಲ್ಲ ಸೀಮೆ ದೊರೆಯುತ್ತದೆ. ಆ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗುರುಪಾದಯ್ಯ, ನೀಲಮ್ಮ ದಂಪತಿಗಳಿಗೆ ಜನಿಸಿದ ಗದಿಗೆಯ್ಯ ಎಂಬ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು ನಾಡಿನ ಪೂಜೆಗೆ ಪಾತ್ರನಾದನು. ಬಾಲಕ ಹುಟ್ಟಂಧ, ಅಣ್ಣ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ.

ಅಂದಿನ ಗ್ರಾಮಜೀವನದಲ್ಲಿ ಕಣ್ಣಿಲ್ಲದ ಮಗುವಿಗೆ ಮನೆಯ ಮೂಲೆ ಇಲ್ಲವೆ ಪರರ ಮನೆಯ ಬಾಗಿಲು, ಇವೆರಡೇ ಗತಿ. ಶಾಲೆಯ ಪಾಟಿ, ಪುಸ್ತಕ, ಕರಿಹಲಗೆಗಳೆಲ್ಲವೂ ಕಣ್ಣುಳ್ಳವರಿಗಾಗಿ ಇದ್ದಂಥವು. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಎಂಬ ಅಂಧ ತರುಣನು ಆರು ಚುಕ್ಕೆಗಳ ಸ್ಪರ್ಶಲಿಪಿಯನ್ನು 1829ರಲ್ಲಿಯೇ ಪ್ರಕಟಿಸಿದ್ದನು. ಆದರೂ ಭಾರತೀಯ ಭಾಷೆಗಳಿಗೆ ಏಕರೂಪದ ಬ್ರೈಲ್ ಲಿಪಿ ನಿಶ್ಚಯವಾದುದು 1951ರಲ್ಲಿ. ಅಂದರೆ ಗವಾಯಿಗಳು ಲಿಂಗೈಕ್ಯರಾಗಿ ಏಳು ವರ್ಷಗಳು ಕಳೆದ ಮೇಲೆ. ಹೀಗಾಗಿ ಅವರ ಪಾಲಿಗೆ ಕಿವಿಯೇ ಕಣ್ಣು, ನೆನಪೇ ಪುಸ್ತಕ.

ಈ ಬಾಲಕನ ಕಂಠದಲ್ಲಡಗಿದ್ದ ಸಂಪತ್ತನ್ನು ಮೊದಲು ಗುರುತಿಸಿದವರು ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರು ಬಾಲಕನನ್ನು ಕರುಣೆಯಿಂದ ಸಾಕಿದ್ದಷ್ಟೇ ಅಲ್ಲ, ಅವನಿಗೆ ಶಾಸ್ತ್ರೋಕ್ತ ವಿದ್ಯೆ ದೊರೆಯುವಂತೆ ಮಾಡಿದರು. ಮೊದಲು ಕರ್ನಾಟಕ ಸಂಗೀತದ ಅಭ್ಯಾಸ ನಡೆಯಿತು. ಬಳಿಕ ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಪದ್ಧತಿಯ ಶಿಕ್ಷಣವಾಯಿತು. ಎರಡು ಪದ್ಧತಿಗಳಲ್ಲಿಯೂ ಪಾರಂಗತರಾದ ಗವಾಯಿಗಳನ್ನು ನಾಡು ಉಭಯಗಾನ ವಿಶಾರದರೆಂದು ಗೌರವಿಸಿತು.

ತಾವು ಪಡೆದ ವಿದ್ಯೆಯನ್ನು ಅವರು ತಮ್ಮ ಕೀರ್ತಿಗೆ ಮೀಸಲಿಡಲಿಲ್ಲ. ಅಂಧ, ಅನಾಥ ಮಕ್ಕಳನ್ನು ಜಾತಿಭೇದವೆಣಿಸದೆ ಕೂಡಿಸಿಕೊಂಡು, ಅನ್ನ, ಆಶ್ರಯ, ವಿದ್ಯೆಗಳನ್ನಿತ್ತು, ಊರೂರು ಸಂಚರಿಸುತ್ತ ಗಾನಶಾಲೆಯನ್ನು ನಡೆಯಿಸಿದರು. ಹಾರ್ಮೋನಿಯಂ, ತಬಲಾ, ಪಿಟೀಲುಗಳು ಕಣ್ಣನ್ನು ಬೇಡುವ ವಾದ್ಯಗಳಲ್ಲ. ಬೆರಳು ಮನೆಯನ್ನರಿತು, ಕಿವಿ ಶ್ರುತಿಯನ್ನರಿತರೆ ಸಾಕು. ಭಿಕ್ಷೆಗೆ ಚಾಚಬಹುದಾಗಿದ್ದ ಕೈಗಳು ಇಲ್ಲಿ ದುಡಿದುಣ್ಣುವ ಕೈಗಳಾದವು. ಶಾಲೆಯ ವೆಚ್ಚಕ್ಕಾಗಿ ಗವಾಯಿಗಳು ನಾಟಕ ಸಂಘವನ್ನೂ ಕಟ್ಟಿದರು. ಗದಗಿನ ಬಸರಿಗಿಡದ ವೀರಪ್ಪನವರು ಸ್ಥಳವನ್ನು ದಾನವಿತ್ತಾಗ ಈ ಸಂಚಾರಿ ಶಾಲೆ ಗದಗಿನಲ್ಲಿ ನೆಲೆನಿಂತಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಅಂಧರ ಮಗ್ಗುಲಲ್ಲಿಯೇ ಕಣ್ಣುಳ್ಳವರೂ ಕಲಿತರು. ಬಸವರಾಜ ರಾಜಗುರುಗಳು ಈ ಗುರುವಿನ ಶಿಷ್ಯರೇ.

1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ಹಾವೇರಿ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮದ ಭಾರವನ್ನು ಹೊತ್ತರು. ಗುರುವಿಗೆ ಒದಗದ ಬ್ರೈಲ್ ಲಿಪಿ ಶಿಷ್ಯರಿಗೆ ಒದಗಿತು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥರಚನೆ ಮಾಡಿದ ಅವರಿಗೆ 2010ರಲ್ಲಿ ಪದ್ಮಭೂಷಣ ಸಂದಿತು. ಅದೇ ವರ್ಷ ಅವರೂ ಶಿವೈಕ್ಯರಾದರು.

ಇಂದು ಸಾಧನಗಳಿಗೆ ಕೊರತೆಯಿಲ್ಲ. ಗಣಕಯಂತ್ರದ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ತಂತ್ರಾಂಶಗಳಿವೆ, ಬ್ರೈಲ್ ಮುದ್ರಣ ಯಂತ್ರಗಳಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸರ್ಕಾರಿ ಉದ್ಯೋಗದಲ್ಲಿ ಶೇಕಡಾ 4ರಷ್ಟು, ಸರ್ಕಾರದ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ರಷ್ಟು ಸ್ಥಾನಗಳನ್ನು ಮೀಸಲಿರಿಸಿದೆ. ಆದರೆ ಬಳಸಲು ಕಲಿಸುವವರಿಲ್ಲದ ಸಾಧನ ಕಪಾಟಿನ ಅಲಂಕಾರವಷ್ಟೆ. ಗದಿಗೆಯ್ಯನು ಗವಾಯಿಯಾದುದು ಗುರುತಿಸುವ ಕುಮಾರಸ್ವಾಮಿಗಳೂ ಕಲಿಸುವ ನೀಲಕಂಠಬುವಾ ಅವರೂ ಇದ್ದುದರಿಂದ. ಅವರ ಶಾಲೆ ಗದಗಿನಲ್ಲಿ ನೆಲೆಗೊಂಡುದು ಕೊಡುವ ವೀರಪ್ಪನವರಿದ್ದುದರಿಂದ. ಬೆಳೆದುದು ಕಲಿತ ವಿದ್ಯೆಯನ್ನು ಮರಳಿ ಆ ಶಾಲೆಗೇ ಧಾರೆಯೆರೆದ ಪುಟ್ಟರಾಜರಿದ್ದುದರಿಂದ. ಶಿಕ್ಷಕರು, ದಾನಿಗಳು, ಹಳೆಯ ವಿದ್ಯಾರ್ಥಿಗಳು ಈ ಹೊಣೆಗಳನ್ನು ತಮ್ಮ ತಮ್ಮ ಪಾಲಿಗೆ ಹಂಚಿಕೊಂಡರೆ, ನಮ್ಮ ಸೀಮೆಯ ಯಾವ ಶಾಲೆಯಲ್ಲಿಯೂ ಅಂಧ ಮಗುವೊಂದು ಮೂಲೆಯಲ್ಲಿ ಕುಳಿತು ಬಾಡಬೇಕಾಗಿಲ್ಲ.