ಟಾಟಾ ಇನ್‌ಸ್ಟಿಟ್ಯೂಟಿನ ಕಮಲಾ ಸೊಹೊನಿ

ಬೆಂಗಳೂರಿಗೆ ಬಂದ ಹೊಸದರಲ್ಲಿ ಯಾರಾದರೂ ನಿಮ್ಮ ಊರು ಯಾವುದು ಎಂದು ಕೇಳಿದರೆ ಹುಡಗಿ ಎನ್ನುತ್ತಿದ್ದೆ. ಕೇಳಿದವರು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ನಗುತ್ತಿದ್ದರು. ನಮ್ಮ ಶಾಲೆಯಲ್ಲಿ ಓದಿ ಹೊರಗೆ ಹೋದವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಈಗ ಜಾಣನಾಗಿದ್ದೇನೆ. ಬೀದರ ಜಿಲ್ಲೆ, ಹುಮನಾಬಾದ ತಾಲೂಕು ಎಂದು ಮೊದಲು ಹೇಳಿ ಆಮೇಲೆ ಊರಿನ ಹೆಸರು ಹೇಳುತ್ತೇನೆ.

ಬೀದರಿನಿಂದ ಹೊರಟ ರೈಲು ಯಶವಂತಪುರಕ್ಕೆ ಬಂದು ನಿಲ್ಲುತ್ತದೆಯಲ್ಲ, ಅಲ್ಲಿಂದ ಸ್ವಲ್ಪವೇ ದೂರದಲ್ಲಿ ದೊಡ್ಡ ದೊಡ್ಡ ಮರಗಳ ನಡುವೆ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಹಳೆಯ ಬೆಂಗಳೂರಿನವರು ಅದನ್ನು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಜಮ್‌ಶೆಟ್‌ಜಿ ಟಾಟಾ ಅವರ ಹಣ, ಮೈಸೂರು ಮಹಾರಾಜರು ಕೊಟ್ಟ 371 ಎಕರೆ ಜಮೀನು ಸೇರಿ 1909ರಲ್ಲಿ ಹುಟ್ಟಿದ ಸಂಸ್ಥೆ ಅದು. ಅಲ್ಲಿ 1933ರಲ್ಲಿ ಒಬ್ಬರಿಗೆ, ಎಲ್ಲ ಅರ್ಹತೆ ಇದ್ದರೂ, ಹುಡುಗಿ ಎಂಬ ಒಂದೇ ಕಾರಣಕ್ಕೆ ಪ್ರವೇಶ ಇಲ್ಲ ಎಂದರು. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದು ಕಳಿಸು ಎಂದು ಗುರುಗಳು ಫೋನ್ ಮಾಡಿದಾಗ ನನಗೆ ನೆನಪಾದದ್ದು ಅವರೇ. ನನ್ನ ಕೆಲಸ ಕಂಪ್ಯೂಟರ್ ಸಾಫ್ಟ್‌ವೇರ್. ಅದರ ಬಗ್ಗೆ ಇಂದು ಬರೆದದ್ದು ಐದು ವರ್ಷಕ್ಕೆ ಹಳೆಯದಾಗುತ್ತದೆ, ಈ ಸಂಚಿಕೆಯನ್ನು ಮಾತ್ರ ಬಹಳ ವರ್ಷ ಇಟ್ಟುಕೊಂಡು ಓದುತ್ತಾರೆ. ಹಾಗಾಗಿ ಕಮಲಾ ಸೊಹೊನಿ ಅವರ ಬಗ್ಗೆ ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ಮರಾಠಿ ಮನೆತನ, ಹುಟ್ಟುಹೆಸರು ಕಮಲಾ ಭಾಗವತ್. ಮರಾಠಿಯ ಪ್ರಸಿದ್ಧ ಲೇಖಕಿ, ಜಾನಪದ ವಿದ್ವಾಂಸೆ ದುರ್ಗಾ ಭಾಗವತ್ ಇವರ ಅಕ್ಕ. ನಮ್ಮ ಗಡಿಭಾಗದಲ್ಲಿ ಮರಾಠಿ ಓದಬಲ್ಲ ಹಿರಿಯರಿಗೆ ಆ ಹೆಸರು ಗೊತ್ತಿದ್ದೀತು. ತಂದೆ ನಾರಾಯಣರಾವ್ ಮತ್ತು ಅವರ ಸಹೋದರ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರಜ್ಞರು, ಇಬ್ಬರೂ ಬೆಂಗಳೂರಿನ ಇದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ಆ ಮನೆಯ ಮಗಳು ತಾನೂ ಅಲ್ಲಿಯೇ ಓದಬೇಕೆಂದು ಆಸೆಪಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ, ಭೌತಶಾಸ್ತ್ರವನ್ನು ಉಪವಿಷಯವಾಗಿ ಓದಿ 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೇಲೆ ಬಂದರು. ಅರ್ಜಿ ಹಾಕಿದರು. ಅಪ್ಪ, ಚಿಕ್ಕಪ್ಪ ಓದಿದ ಜಾಗ, ಕೈಯಲ್ಲಿ ಮೊದಲ ಸ್ಥಾನ, ಇನ್ನೇನು ಬೇಕು ಎಂದು ಮನೆಯವರೆಲ್ಲ ನಿಶ್ಚಿಂತೆಯಿಂದ ಇದ್ದಿರಬೇಕು.

ಅರ್ಜಿ ತಿರಸ್ಕೃತವಾಯಿತು.

ಆಗ ಸಂಸ್ಥೆಯ ನಿರ್ದೇಶಕರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪಡೆದವರು, ಆ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಅದೇ 1933ರಲ್ಲಿ ಬಂದವರು. ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಫೆಬ್ರವರಿ 28ಕ್ಕೆ ಭಾಷಣ ಮಾಡುತ್ತೇವಲ್ಲ, ಅದೇ ರಾಮನ್. ಸಂಶೋಧನೆ ಹೆಂಗಸರ ಕೆಲಸವಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಒಂಬತ್ತನೇ ತರಗತಿಯಲ್ಲಿ ನಾನು ರಾಮನ್ ಬಗ್ಗೆ ಭಾಷಣ ಬಾಯಿಪಾಠ ಮಾಡಿ ಬಹುಮಾನ ತೆಗೆದುಕೊಂಡಿದ್ದೆ. ಅದರಲ್ಲಿ ಈ ವಿಷಯ ಇರಲಿಲ್ಲ. ದೊಡ್ಡವರ ಜೀವನದಿಂದ ಇಂಥದ್ದನ್ನು ತೆಗೆದುಹಾಕಿ ಮಕ್ಕಳಿಗೆ ಹೇಳುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಹೇಳಿದ್ದರೆ ರಾಮನ್ ಅವರ ಬೆಳಕಿನ ಶೋಧ ಒಂದಿಷ್ಟೂ ಚಿಕ್ಕದಾಗುತ್ತಿರಲಿಲ್ಲ.

ಕಮಲಾ ಅವರಿಗೆ ಆಗ ಇಪ್ಪತ್ತೆರಡರ ಆಸುಪಾಸು. ಗಾಂಧೀಜಿಯ ಪ್ರಭಾವದಲ್ಲಿ ಬೆಳೆದ ತಲೆಮಾರು. ಅಳುತ್ತ ಮನೆಯಲ್ಲಿ ಕೂರಲಿಲ್ಲ. ಬೆಂಗಳೂರಿಗೇ ಬಂದರು, ರಾಮನ್ ಅವರನ್ನು ಎದುರಿಗೆ ಕಂಡು ಕಾರಣ ಕೇಳಿದರು, ಸೇರಿಸಿಕೊಳ್ಳುವವರೆಗೆ ಅವರ ಕಚೇರಿಯ ಮುಂದೆ ಸತ್ಯಾಗ್ರಹ ಮಾಡುವುದಾಗಿ ಹೇಳಿದರು. ದೇಶದಲ್ಲಿ ಉಪ್ಪಿಗಾಗಿ ಸತ್ಯಾಗ್ರಹ ನಡೆದು ಮೂರು ವರ್ಷವಾಗಿತ್ತು. ಪ್ರಯೋಗಾಲಯದ ಬಾಗಿಲಿಗಾಗಿ ನಡೆದ ಸತ್ಯಾಗ್ರಹ ಇದೊಂದೇ ಇರಬೇಕು.

ರಾಮನ್ ಕೊನೆಗೆ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ಒಂದು ವರ್ಷ ಆಕೆಯನ್ನು ಖಾಯಂ ವಿದ್ಯಾರ್ಥಿನಿ ಎಂದು ಪರಿಗಣಿಸುವುದಿಲ್ಲ, ಅದು ಪರೀಕ್ಷಾ ಅವಧಿ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಆಕೆಯಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು. ಈ ಮೂರನೆಯ ಷರತ್ತನ್ನು ಓದಿದಾಗಲೆಲ್ಲ ನನಗೆ ಮುಜುಗರವಾಗುತ್ತದೆ. ಗಂಡುಹುಡುಗರ ಗಮನ ಬೇರೆ ಕಡೆ ಹೋದರೆ ಅದಕ್ಕೆ ಹೊಣೆ ಆಕೆಯೇ ಎಂದಂತಾಯಿತು. ಕಮಲಾ ಅವರು ಇದನ್ನೆಲ್ಲ ಒಪ್ಪಿಕೊಂಡರು. ಆ ಅವಮಾನವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ವಯಸ್ಸಾದ ಮೇಲೂ ಆ ಮಾತು ಬಂದಾಗ, ರಾಮನ್ ದೊಡ್ಡ ವಿಜ್ಞಾನಿಯಾದರೂ ಹೆಣ್ಣಿನ ವಿಷಯದಲ್ಲಿ ಅವರ ಮನಸ್ಸು ಚಿಕ್ಕದಾಗಿತ್ತು ಎಂದು ನೇರವಾಗಿಯೇ ಹೇಳುತ್ತಿದ್ದರು.

ಅವರಿಗೆ ಸಿಕ್ಕ ಗುರುಗಳು ಎಂ. ಶ್ರೀನಿವಾಸಯ್ಯ. ಶಿಸ್ತಿನ ಮನುಷ್ಯ, ಆದರೆ ಕಲಿಯುವ ಹಸಿವಿದ್ದವರನ್ನು ಬೆಳೆಸುವವರು. ಜೀವರಸಾಯನಶಾಸ್ತ್ರದ ಮೂಲ ಬರಹಗಳನ್ನು ಓದಿಸಿದರು. ಕಮಲಾ ಅವರು ಎತ್ತಿಕೊಂಡ ವಿಷಯ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನು. ನಮ್ಮ ಕಡೆಯವರಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ತೊಗರಿ, ಉದ್ದು, ಹೆಸರು, ಕಡಲೆ ಬೆಳೆಯುವ ನೆಲ ನಮ್ಮದು.

ಒಂದು ಕಾಳಿನಲ್ಲಿ ಎಷ್ಟು ಪ್ರೋಟೀನು ಇದೆ ಎಂದು ಕಂಡುಹಿಡಿಯುವುದು ಹೇಗೆ? ಹತ್ತನೇ ತರಗತಿಯ ಮಕ್ಕಳಿಗೆ ತಿಳಿಯುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ, ತಪ್ಪಿದ್ದರೆ ವಿಜ್ಞಾನದ ಗುರುಗಳು ತಿದ್ದಲಿ. ಪ್ರೋಟೀನಿನಲ್ಲಿ ಸಾರಜನಕ ಇರುತ್ತದೆ, ಸಕ್ಕರೆ ಮತ್ತು ಎಣ್ಣೆಯಲ್ಲಿ ಇರುವುದಿಲ್ಲ. ಕಾಳಿನ ಹಿಟ್ಟನ್ನು ಗಟ್ಟಿ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿದರೆ ಅದರ ಸಾರಜನಕವೆಲ್ಲ ಅಮೋನಿಯಂ ಲವಣವಾಗುತ್ತದೆ. ಅದಕ್ಕೆ ಕ್ಷಾರ ಹಾಕಿ ಕಾಯಿಸಿದರೆ ಅಮೋನಿಯಾ ಹೊರಬರುತ್ತದೆ. ಅದನ್ನು ಹಿಡಿದು ಅಳೆದರೆ ಸಾರಜನಕದ ಲೆಕ್ಕ ಸಿಗುತ್ತದೆ. ಆ ಲೆಕ್ಕವನ್ನು 6.25ರಿಂದ ಗುಣಿಸಿದರೆ ಹೆಚ್ಚುಕಡಿಮೆ ಪ್ರೋಟೀನಿನ ತೂಕ. ಆದರೆ ಇಲ್ಲೊಂದು ತೊಡಕಿದೆ. ಕಾಳಿನಲ್ಲಿರುವ ಸಾರಜನಕವೆಲ್ಲ ಪ್ರೋಟೀನಿನದ್ದೇ ಆಗಿರಬೇಕಿಲ್ಲ, ಸ್ವಲ್ಪ ಭಾಗ ಬೇರೆ ಪದಾರ್ಥಗಳಲ್ಲಿರುತ್ತದೆ. ಅದನ್ನು ಬೇರ್ಪಡಿಸದೆ ಲೆಕ್ಕ ಹಾಕಿದರೆ ಉತ್ತರ ತಪ್ಪಾಗುತ್ತದೆ. ಪ್ರೋಟೀನು ಯಾವುದು, ಪ್ರೋಟೀನಲ್ಲದ ಸಾರಜನಕ ಯಾವುದು ಎಂದು ಹಾಲಿನಲ್ಲಿ, ಕಾಳುಗಳಲ್ಲಿ ಬಿಡಿಸಿ ನೋಡುವ ಕೆಲಸ ಕಮಲಾ ಅವರದ್ದು. ಮಾಂಸ ತಿನ್ನದ, ಹಾಲಿಗೂ ಗತಿಯಿಲ್ಲದ ಬಡವರ ದೇಶದಲ್ಲಿ ಬೇಳೆಯ ನಿಜವಾದ ಬೆಲೆ ತಿಳಿಯುವುದು ಸಣ್ಣ ಕೆಲಸವಲ್ಲ.

ಒಂದು ವರ್ಷ ಮುಗಿಯುವಷ್ಟರಲ್ಲಿ ರಾಮನ್ ಅವರಿಗೆ ಆಕೆಯ ಶ್ರದ್ಧೆ ಮನವರಿಕೆಯಾಗಿತ್ತು. ಖಾಯಂ ಸಂಶೋಧನೆಗೆ ಅನುಮತಿ ಕೊಟ್ಟರು. ಅಷ್ಟೇ ಅಲ್ಲ, ಅಲ್ಲಿಂದ ಮುಂದೆ ಹೆಣ್ಣುಮಕ್ಕಳನ್ನು ಸಂಸ್ಥೆಗೆ ಸೇರಿಸಿಕೊಳ್ಳತೊಡಗಿದರು. ತಪ್ಪನ್ನು ತಿದ್ದಿಕೊಂಡರು ಎಂದು ಅವರ ಪರವಾಗಿಯೂ ಹೇಳಬೇಕು. 1940ರಲ್ಲಿ ಅದೇ ರಾಮನ್ ಅವರ ಪ್ರಯೋಗಾಲಯಕ್ಕೆ ಬಂದ ಅನ್ನಾ ಮಣಿ ಮುಂದೆ ದೇಶದ ಹವಾಮಾನ ವಿಜ್ಞಾನದಲ್ಲಿ ದೊಡ್ಡ ಹೆಸರಾದರು. ಕಮಲಾ ಅವರು 1936ರಲ್ಲಿ ಡಿಸ್ಟಿಂಕ್ಷನ್ನಿನೊಂದಿಗೆ ಎಂ.ಎಸ್ಸಿ. ಮುಗಿಸಿದರು.

ಮುಂದೆ ವಿದ್ಯಾರ್ಥಿವೇತನ ಸಿಕ್ಕಿ 1937ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಹಾಪ್‌ಕಿನ್ಸ್, ವಿಟಮಿನ್‌ಗಳ ಶೋಧಕ್ಕಾಗಿ 1929ರಲ್ಲಿ ನೊಬೆಲ್ ಹಂಚಿಕೊಂಡವರು. ಇವರು ಹೋಗುವಷ್ಟರಲ್ಲಿ ಪ್ರಯೋಗಾಲಯದಲ್ಲಿ ಒಂದೂ ಮೇಜು ಖಾಲಿ ಇರಲಿಲ್ಲ. ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಮೇಜನ್ನು ಹಗಲು ಈಕೆಗೆ ಬಿಟ್ಟುಕೊಟ್ಟು ತಾವು ರಾತ್ರಿ ಕೆಲಸ ಮಾಡಿದರು. ಬೆಂಗಳೂರಿನಲ್ಲಿ ಬೇಕೆಂದಾಗ ರಾತ್ರಿ ದುಡಿಯಬೇಕೆಂಬ ಷರತ್ತು ಈಕೆಯ ಮೇಲಿತ್ತು. ಇಲ್ಲಿ ಯಾರೋ ಪರದೇಶಿ ಆ ರಾತ್ರಿಯನ್ನು ತಾನಾಗಿಯೇ ತೆಗೆದುಕೊಂಡ.

ರಿಕ್ಟರ್ ಬೇರೆ ಕಡೆ ಹೋದ ಮೇಲೆ ರಾಬಿನ್ ಹಿಲ್ ಅವರ ಬಳಿ ಕೆಲಸ ಮುಂದುವರಿಯಿತು. ಆಲೂಗಡ್ಡೆಯ ಮೇಲೆ ಪ್ರಯೋಗ ಮಾಡುತ್ತಿದ್ದಾಗ ಅದರಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತು ಇರುವುದು ಕಮಲಾ ಅವರಿಗೆ ಕಂಡಿತು. ಇದು ಕಬ್ಬಿಣದ ಅಂಶವಿರುವ ಒಂದು ಪ್ರೋಟೀನು. ನಾವು ಉಸಿರಾಡುವ ಆಮ್ಲಜನಕವನ್ನು ಬಳಸಿ ಜೀವಕೋಶ ಶಕ್ತಿ ಪಡೆಯುವಾಗ ಎಲೆಕ್ಟ್ರಾನುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಇದರ ಕೆಲಸ. ಪ್ರಾಣಿಗಳಲ್ಲಿ ಇದು ಮೊದಲೇ ಗೊತ್ತಿತ್ತು. ಆಲೂಗಡ್ಡೆಯಂಥ ಸಸ್ಯದ ಜೀವಕೋಶವೂ ಇದೇ ದಾರಿಯಲ್ಲಿ ಉಸಿರಾಡುತ್ತದೆ ಎಂದು ಈಕೆ ತೋರಿಸಿದರು. ಈ ಬಗ್ಗೆ ಬರೆದ ಪ್ರಬಂಧ ಕೇವಲ 40 ಪುಟದ್ದು. ಕೇಂಬ್ರಿಜ್‌ಗೆ ಕಾಲಿಟ್ಟು ಒಂದೂವರೆ ವರ್ಷದೊಳಗೆ ಅದನ್ನು ಒಪ್ಪಿಸಿ 1939ರಲ್ಲಿ ಪಿಎಚ್.ಡಿ. ಪಡೆದರು.

ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಇವರನ್ನು ಅನೇಕ ಕಡೆ ಬರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಜಾನಕಿ ಅಮ್ಮಾಳ್ ಅವರಿಗೆ ಅಮೆರಿಕದ ಮಿಷಿಗನ್‌ನಿಂದ 1931ರಲ್ಲಿಯೇ ಡಾಕ್ಟರೇಟ್ ಸಿಕ್ಕಿತ್ತು, ಆದ್ದರಿಂದ ಮೊದಲಿಗರು ಎಂಬ ಮಾತನ್ನು ಸ್ವಲ್ಪ ನೋಡಿಕೊಂಡು ಬಳಸಬೇಕು. ಕ್ವಿಜ್‌ಗೆ ತಯಾರಾಗುವ ಮಕ್ಕಳು ಇದನ್ನು ಗಮನಿಸಲಿ. ಇನ್ನೊಂದು ವಿಷಯವನ್ನೂ ಹೇಳಬೇಕು. ರಾಮನ್ ಅವರೊಬ್ಬರೇ ಹಾಗಿದ್ದರು ಎಂದುಕೊಳ್ಳಬಾರದು. ಅಷ್ಟು ದೊಡ್ಡ ಕೇಂಬ್ರಿಜ್ ಕೂಡ ಹೆಣ್ಣುಮಕ್ಕಳಿಗೆ ಗಂಡಸರಿಗೆ ಸಮನಾದ ಪೂರ್ಣ ಪದವಿ ಕೊಡಲು ಆರಂಭಿಸಿದ್ದು 1948ರಲ್ಲಿ.

ಅದೇ 1939ರಲ್ಲಿ ದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆ, ಆಮೇಲೆ ಕೂನೂರಿನ ಪೌಷ್ಟಿಕತೆ ಪ್ರಯೋಗಾಲಯದಲ್ಲಿ ಸಹಾಯಕ ನಿರ್ದೇಶಕಿ. 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಬೊಂಬಾಯಿಗೆ ಬಂದರು. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಹೊಸದಾಗಿ ತೆರೆದ ಜೀವರಸಾಯನ ವಿಭಾಗ ಸೇರಿ, ತಮ್ಮ ವಿದ್ಯಾರ್ಥಿಗಳೊಂದಿಗೆ ಮತ್ತೆ ಕಾಳುಗಳ ಕೆಲಸಕ್ಕೆ ಕುಳಿತರು.

ಈ ಸಲ ಹುಡುಕಿದ್ದು ಕಾಳಿನ ಒಳ್ಳೆಯ ಗುಣವನ್ನಲ್ಲ, ಕೆಟ್ಟದ್ದನ್ನು. ನಮ್ಮ ಹೊಟ್ಟೆಯಲ್ಲಿ ಪ್ರೋಟೀನನ್ನು ಒಡೆದು ಜೀರ್ಣ ಮಾಡುವ ಟ್ರಿಪ್ಸಿನ್ ಎಂಬ ಕಿಣ್ವ ಇದೆ. ಕೆಲವು ಕಾಳುಗಳಲ್ಲಿ ಈ ಕಿಣ್ವವನ್ನೇ ಕಟ್ಟಿಹಾಕುವ ಪದಾರ್ಥಗಳಿರುತ್ತವೆ. ಅವರೆಕಾಳು ಮತ್ತು ಡಬಲ್ ಬೀನ್ಸ್‌ನಿಂದ ಅಂಥ ಪದಾರ್ಥವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಥ ಪದಾರ್ಥಗಳ ಶಕ್ತಿ ಚೆನ್ನಾಗಿ ಬೇಯಿಸಿದಾಗ ಬಹುಪಾಲು ಅಳಿಯುತ್ತದೆ. ಎಳ್ಳ ಅಮಾವಾಸ್ಯೆಗೆ ಅವರೆ, ತೊಗರಿ, ಹಸಿ ಕಡಲೆ, ಸೊಪ್ಪು ಎಲ್ಲ ಹಾಕಿ ನಮ್ಮ ತಾಯಂದಿರು ಭಜ್ಜಿಯನ್ನು ಗಂಟೆಗಟ್ಟಲೆ ಕುದಿಸುವುದರ ಹಿಂದಿನ ರಸಾಯನಶಾಸ್ತ್ರ ನನಗೆ ತಿಳಿದದ್ದು ಇವರ ಬಗ್ಗೆ ಓದಿದಾಗ.

ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಲಹೆಯಂತೆ ನೀರಾ ಮೇಲೂ ಹಲವು ವರ್ಷ ಕೆಲಸ ಮಾಡಿದರು. ಹುಳಿ ಬಂದರೆ ಶಿಂದಿ, ಬರುವ ಮೊದಲು ನೀರಾ. ನಮ್ಮಲ್ಲಿ ಈಚಲ ಮರ ನೋಡಿದ ಯಾರಿಗೂ ವಿವರಿಸಬೇಕಿಲ್ಲ. ಅದರಲ್ಲಿ ಎ ಮತ್ತು ಸಿ ವಿಟಮಿನ್, ಕಬ್ಬಿಣದ ಅಂಶ ಇವೆ, ಬೆಲ್ಲ ಮಾಡಿದಾಗಲೂ ಅವು ಉಳಿಯುತ್ತವೆ ಎಂದು ಕಂಡುಕೊಂಡರು. ಅಪೌಷ್ಟಿಕತೆಯಿಂದ ಬಳಲುವ ಆದಿವಾಸಿ ಮಕ್ಕಳಿಗೆ, ಬಸುರಿಯರಿಗೆ ಕೊಟ್ಟು ನೋಡಿದಾಗ ಆರೋಗ್ಯ ಸುಧಾರಿಸಿತು. ಇದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಆದರೆ ಸಂಸ್ಥೆಯ ನಿರ್ದೇಶಕಿಯ ಸ್ಥಾನ ಬರಲು ಹಲವು ವರ್ಷ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ದೇಶ ಸ್ವತಂತ್ರವಾಗಿತ್ತು, ಕುರ್ಚಿಯಲ್ಲಿದ್ದವರೂ ಬೇರೆಯವರಾಗಿದ್ದರು, ಹಳೆಯ ಷರತ್ತು ಮಾತ್ರ ಪೂರ್ತಿ ಹೋಗಿರಲಿಲ್ಲ.

ನನ್ನ ತರಗತಿಯಲ್ಲಿ ವಿಜ್ಞಾನದಲ್ಲಿ ಯಾವಾಗಲೂ ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದ ಒಬ್ಬಳಿದ್ದಳು. ಸಮೀಕರಣ ಸರಿದೂಗಿಸುವುದನ್ನು ನನಗೆ ಕಲಿಸಿದ್ದು ಅವಳೇ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ನಾನು ಬಿ.ಇ. ಓದಲು ಹೋದೆ. ಹೋದ ವರ್ಷ ಜಾತ್ರೆಯಲ್ಲಿ ಸಿಕ್ಕಿದ್ದಳು. ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ, ಪಿಯುಸಿಗೆ ಸೈನ್ಸ್ ಕೊಡಿಸಬೇಕು, ಬೀದರಿಗೆ ಕಳಿಸಿದರೆ ಹಾಸ್ಟೆಲ್ ಸಿಗುತ್ತದೇನೋ ವಿಚಾರಿಸಣ್ಣಾ ಎಂದಳು. ವಿಚಾರಿಸಿ ತಿಳಿಸಿದ್ದೇನೆ.

ನಿವೃತ್ತಿಯ ನಂತರ ಕಮಲಾ ಸೊಹೊನಿ ಸುಮ್ಮನೆ ಕೂರಲಿಲ್ಲ. ಮುಂಬಯಿಯಲ್ಲಿ 1966ರಲ್ಲಿ ಒಂಬತ್ತು ಮಹಿಳೆಯರು ಸೇರಿ ಕಟ್ಟಿದ ಗ್ರಾಹಕರ ಸಂಘಟನೆಯಲ್ಲಿ ದುಡಿದರು, 1982-83ರಲ್ಲಿ ಅದರ ಅಧ್ಯಕ್ಷೆಯೂ ಆದರು. ಆ ಸಂಘದ ಕೀಮತ್ ಎಂಬ ಪತ್ರಿಕೆಗೆ ಗ್ರಾಹಕರ ಸುರಕ್ಷತೆಯ ಬಗ್ಗೆ ಸಾಮಾನ್ಯರಿಗೆ ತಿಳಿಯುವಂತೆ ಲೇಖನ ಬರೆದರು. 1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೆಹಲಿಗೆ ಕರೆಸಿ ಸನ್ಮಾನ ಏರ್ಪಡಿಸಿದರು. ಆ ಸಮಾರಂಭದಲ್ಲಿಯೇ ಅವರು ಕುಸಿದು ಬಿದ್ದರು, ಸ್ವಲ್ಪ ದಿನಗಳಲ್ಲೇ ತೀರಿಕೊಂಡರು. ಅವರಿಗೆ ಆಗ 86 ದಾಟಿತ್ತು.